ಕರಿಗುಡ್ಡೆಗೂ ಉಸಿರು ಬೇಕು: ಕಾಂಟ್ಯಾಕ್ಟ್ ಲೆನ್ಸ್ ಬೆಳೆದ ದಾರಿ ಮತ್ತು ಅದರ ಬಗೆಗಳು

ಕನ್ನಡಕದ ಚೀಟಿಯಲ್ಲಿ −6.00 ಎಂದಿರುತ್ತದೆ, ಲೆನ್ಸ್ ಡಬ್ಬಿಯ ಮೇಲೆ −5.50. ಅಂಗಡಿಯವರು ಪವರ್ ತಪ್ಪಾಗಿ ಕೊಟ್ಟರು ಎಂದುಕೊಂಡು ಡಬ್ಬಿ ಹಿಡಿದು ವಾಪಸ್ ಹೋಗುವವರಿದ್ದಾರೆ. ತಪ್ಪೇನೂ ಆಗಿರುವುದಿಲ್ಲ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಆ 12 ಮಿ.ಮೀ. ಅಂತರ ಇಲ್ಲವಾದಾಗ ಮೈನಸ್ ಪವರ್ ಸ್ವಲ್ಪ ಕಡಿಮೆ ಸಾಕು, ಪ್ಲಸ್ ಪವರ್ ಸ್ವಲ್ಪ ಜಾಸ್ತಿ ಬೇಕು. ಲೆಕ್ಕ ಹಾಕಿದರೆ −6.00ಕ್ಕೆ −5.60 ಬರುತ್ತದೆ, ಲೆನ್ಸ್ ಸಿಗುವುದು ಕಾಲು ಕಾಲು ಅಂಕದಲ್ಲಾದ್ದರಿಂದ −5.50. ಇದೇ ಲೆಕ್ಕದಲ್ಲಿ −10.00 ಇದ್ದವರಿಗೆ ಸುಮಾರು −9.00, +5.00 ಇದ್ದವರಿಗೆ +5.25. ಪವರ್ 4ಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸ ಕಾಲು ಅಂಕವನ್ನೂ ಮುಟ್ಟುವುದಿಲ್ಲ, ಹಾಗಾಗಿ ಕನ್ನಡಕದ ನಂಬರೇ ನಡೆಯುತ್ತದೆ.

ಅದೇ ಡಬ್ಬಿಯ ಮೇಲೆ ಇನ್ನೆರಡು ಅಂಕಿಗಳಿರುತ್ತವೆ: ಬಿ.ಸಿ. 8.6, ಡಯಾ 14.2. ಬಿ.ಸಿ. ಎಂದರೆ ಬೇಸ್ ಕರ್ವ್, ಲೆನ್ಸಿನ ಒಳಮೈ ಎಷ್ಟು ಬಾಗಿದೆ ಎಂಬುದು. ಅಂಕಿ ಚಿಕ್ಕದಾದಷ್ಟೂ ಬಟ್ಟಲು ಆಳ. ಡಯಾ ಎಂದರೆ ಅಂಚಿನಿಂದ ಅಂಚಿಗೆ ಅಗಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಅಗಲ ಸುಮಾರು 11.5ರಿಂದ 12 ಮಿ.ಮೀ. ಅದನ್ನು ಪೂರ್ತಿ ಮುಚ್ಚಿ, ಸುತ್ತಲೂ ಬಿಳಿಗುಡ್ಡೆಯ ಮೇಲೆ ಒಂದು ಮಿ.ಮೀ. ಹರಡಿಕೊಳ್ಳಲಿ ಎಂದೇ ಮೆದು ಲೆನ್ಸಿಗೆ 14ರ ಆಸುಪಾಸಿನ ಅಗಲ. ಪವರ್ ಒಂದೇ ಎಂದು ಬೇರೆ ಕಂಪನಿಯ ಲೆನ್ಸ್ ತಂದು ಹಾಕಿಕೊಂಡರೆ ಕೆಲವರಿಗೆ ಕಣ್ಣು ಕೆಂಪಾಗುವುದು ಈ ಎರಡು ಅಂಕಿಗಳಿಂದ ಮತ್ತು ಲೆನ್ಸಿನ ವಸ್ತುವಿನಿಂದ.

ಸರಿಯಾಗಿ ಕೂತ ಮೆದು ಲೆನ್ಸ್ ರೆಪ್ಪೆ ಮಿಟುಕಿಸಿದಾಗ ಕಾಲು ಮಿ.ಮೀ.ನಿಂದ ಅರ್ಧ ಮಿ.ಮೀ. ಅಲುಗಬೇಕು. ಸ್ವಲ್ಪವೂ ಅಲುಗದಿದ್ದರೆ ಬಿಗಿ. ಬಿಗಿ ಲೆನ್ಸಿನ ಮೋಸ ಏನೆಂದರೆ ಮೊದಲ ಗಂಟೆ ಅದೇ ಎಲ್ಲಕ್ಕಿಂತ ಹಿತ ಅನಿಸುತ್ತದೆ. ಸಂಜೆಗೆ ಕಣ್ಣು ಕೆಂಪು, ತೆಗೆದಾಗ ಬಿಳಿಗುಡ್ಡೆಯ ಮೇಲೆ ಬಳೆಯ ಗುರುತು. ಮನೆಯಲ್ಲೇ ಅಂದಾಜು ಮಾಡುವ ದಾರಿಯೊಂದಿದೆ. ರೆಪ್ಪೆ ಮಿಟುಕಿಸಿದ ಕ್ಷಣ ಮಾತ್ರ ಸ್ಪಷ್ಟವಾಗಿ ಕಂಡು ಮತ್ತೆ ಮಬ್ಬಾದರೆ ಲೆನ್ಸ್ ಬಿಗಿ ಇರಬಹುದು. ಮಿಟುಕಿಸಿದ ಕೂಡಲೇ ಮಬ್ಬಾಗಿ ಆಮೇಲೆ ಸರಿಯಾದರೆ ಸಡಿಲ. ಕೊನೆಯ ತೀರ್ಮಾನ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡುವ ಆಪ್ಟೋಮೆಟ್ರಿಸ್ಟರದೇ (ದೃಷ್ಟಿ ಪರೀಕ್ಷಿಸುವವರದೇ).

ಲೆನ್ಸ್ ಅಲುಗಲೇಬೇಕು ಎಂಬ ಈ ಹಟ ಯಾಕೆ? ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ಬೆಳಕು ಸರಾಗವಾಗಿ ಹಾಯುತ್ತಿರಲಿಲ್ಲ. ಸುಮಾರು ಅರ್ಧ ಮಿ.ಮೀ. ದಪ್ಪದ ಈ ಪದರ ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಹೊರಗಿನ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿಸಿಕೊಂಡು ಎಳೆದುಕೊಳ್ಳುತ್ತದೆ. ನಿದ್ದೆಯಲ್ಲಿ ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಪಡೆಯುತ್ತದೆ, ಆಗ ಸಿಗುವುದು ಹಗಲಿನ ಮೂರನೇ ಒಂದು ಪಾಲು. ಬರಿಗಣ್ಣಿನಲ್ಲಿ ಮಲಗಿದರೂ ಬೆಳಗಿನ ಹೊತ್ತಿಗೆ ಕಾರ್ನಿಯಾ ಶೇ. 4ರ ಹತ್ತಿರ ಉಬ್ಬಿರುತ್ತದೆ, ಎದ್ದ ಮೇಲೆ ಇಳಿಯುತ್ತದೆ. ಇದರ ಮೇಲೆ ಒಂದು ಮುಚ್ಚಳ ಇಟ್ಟರೆ ಉಸಿರು ಕಟ್ಟಿದಂತೆ. ಜೀವಕೋಶಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು ನೀರನ್ನು ಒಳಗೆಳೆಯುತ್ತದೆ, ಪದರ ಊದಿಕೊಂಡು ಮಬ್ಬಾಗುತ್ತದೆ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಆಮ್ಲಜನಕ ಹುಡುಕಿಕೊಂಡು ರಕ್ತನಾಳಗಳು ಅಂಚಿನಿಂದ ಕಾರ್ನಿಯಾದೊಳಕ್ಕೇ ಬೆಳೆಯತೊಡಗುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಮಾಡಿದವರೆಲ್ಲ, ತಿಳಿದೋ ತಿಳಿಯದೆಯೋ, ಗುದ್ದಾಡಿದ್ದು ಈ ಒಂದು ತೊಡಕಿನ ಜೊತೆ.

ಕಣ್ಣಿಗೆ ತಾಗಿಸಿಯೇ ದೃಷ್ಟಿ ತಿದ್ದಬಹುದು ಎಂಬ ತರ್ಕ ಹಳೆಯದು. 1801ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ನೀರು ತುಂಬಿದ ಪುಟ್ಟ ಕೊಳವೆಯೊಂದನ್ನು ತನ್ನ ಕಣ್ಣಿಗೊತ್ತಿ ಪ್ರಯೋಗ ಮಾಡಿದ್ದ; ಅವನಿಗೆ ಬೇಕಿದ್ದದ್ದು ಕಣ್ಣು ಹತ್ತಿರದ ವಸ್ತುವಿಗೆ ಹೇಗೆ ಹೊಂದಿಕೊಳ್ಳುತ್ತದೆ ಎಂಬ ಉತ್ತರ, ಲೆನ್ಸ್ ಅಲ್ಲ. ನಿಜವಾದ ಲೆನ್ಸ್ ಬಂದದ್ದು 1888ರಲ್ಲಿ. ಜ್ಯೂರಿಕ್‌ನಲ್ಲಿದ್ದ ಜರ್ಮನ್ ವೈದ್ಯ ಅಡಾಲ್ಫ್ ಫಿಕ್ ಊದಿದ ಗಾಜಿನ ಚಿಪ್ಪು ಮಾಡಿಸಿ ಮೊದಲು ಮೊಲಗಳಿಗೆ, ಆಮೇಲೆ ತನಗೆ, ಕೊನೆಗೆ ರೋಗಿಗಳಿಗೆ ಹಾಕಿದ. ಅದಕ್ಕೆ ಅವನಿಟ್ಟ ಹೆಸರು 'ಕೊಂಟಾಕ್ಟ್‌ಬ್ರಿಲ್ಲೆ', ಅಂದರೆ ತಾಗುವ ಕನ್ನಡಕ. ಚಿಪ್ಪು ಬಿಳಿಗುಡ್ಡೆಯ ಮೇಲೆ ಕೂರುತ್ತಿತ್ತು, ಕಾರ್ನಿಯಾಕ್ಕೂ ಗಾಜಿಗೂ ನಡುವೆ ದ್ರಾಕ್ಷಿ ಸಕ್ಕರೆಯ ದ್ರಾವಣ. ಎರಡು ಗಂಟೆ ತಡೆದುಕೊಂಡರೆ ಹೆಚ್ಚು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಯೂಜೀನ್ ಕಾಲ್ಟ್, ಕಾರ್ನಿಯಾ ಶಂಕುವಿನಂತೆ ಮುಂದೆ ಚಾಚಿಕೊಳ್ಳುವ ಕೆರಟೋಕೋನಸ್ ಕಾಯಿಲೆಗೆ ಗಾಜಿನ ಚಿಪ್ಪು ಬಳಸಿದ. ಮರುವರ್ಷ ಜರ್ಮನಿಯ ಕೀಲ್‌ನಲ್ಲಿ ಆಗಸ್ಟ್ ಮ್ಯೂಲರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನದೇ −14 ಪವರಿಗೆ ಲೆನ್ಸ್ ಮಾಡಿಕೊಂಡ. ಕೊಕೇನ್ ಹಾಕಿ ಕಣ್ಣು ಜೋಮು ಹಿಡಿಸಿಕೊಂಡರೂ ಅರ್ಧ ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಲಾಗಲಿಲ್ಲ. ಗಾಜಿನೊಳಗೆ ಆಮ್ಲಜನಕ ಹಾಯುವುದಿಲ್ಲ, ಸೊನ್ನೆ.

1930ರ ದಶಕದ ಕೊನೆಗೆ ಗಾಜಿನ ಜಾಗಕ್ಕೆ ಅಕ್ರಿಲಿಕ್ ಪ್ಲಾಸ್ಟಿಕ್ ಬಂತು. ಹಗುರ, ಒಡೆಯುವುದಿಲ್ಲ, ಆದರೆ ಉಸಿರಿನ ವಿಷಯದಲ್ಲಿ ಗಾಜಿನ ತಮ್ಮನೇ. ಬದಲಾವಣೆ ತಂದದ್ದು ಅಳತೆ. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಬಿಳಿಗುಡ್ಡೆಯ ಭಾಗವನ್ನೇ ಬಿಟ್ಟು ಕಾರ್ನಿಯಾದ ಮೇಲಷ್ಟೇ ತೇಲುವ ಪುಟ್ಟ ಲೆನ್ಸಿಗೆ ಪೇಟೆಂಟ್ ಕೋರಿದರು. ಪ್ರತಿ ಮಿಟುಕಿಗೂ ಅದು ಜಾರಿ ಮೇಲೆ ಕೆಳಗೆ ಆಡುತ್ತದೆ, ಕೆಳಗಿನ ಹಳೆಯ ಕಣ್ಣೀರು ಹೋಗಿ ಗಾಳಿಯುಂಡ ಹೊಸ ಕಣ್ಣೀರು ಬರುತ್ತದೆ. ಪ್ಲಾಸ್ಟಿಕ್ ಉಸಿರಾಡದಿದ್ದರೂ ಕಣ್ಣೀರಿನ ಪಂಪು ಕೆಲಸ ನಡೆಸುತ್ತದೆ. ಇದನ್ನು ಹತ್ತು ಹನ್ನೆರಡು ಗಂಟೆ ಹಾಕಿಕೊಳ್ಳಬಹುದಿತ್ತು. ಆದರೂ ತೆಗೆದ ಮೇಲೆ ಕನ್ನಡಕ ಹಾಕಿದರೆ ಒಂದೆರಡು ಗಂಟೆ ಎಲ್ಲ ಮಸುಕು, ಕಾರ್ನಿಯಾ ಉಬ್ಬಿ ಆಕಾರ ಕೆಟ್ಟಿರುತ್ತಿತ್ತು.

ಮೆದು ಲೆನ್ಸ್ ಹುಟ್ಟಿದ್ದು ಆಗಿನ ಚೆಕೊಸ್ಲೊವಾಕಿಯಾದ ಪ್ರಾಗ್‌ನ ಒಂದು ಮನೆಯಲ್ಲಿ, ಆಟಿಕೆಯ ಮೇಲೆ. ಒಟ್ಟೋ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಎಂಬ ರಸಾಯನ ವಿಜ್ಞಾನಿಗಳು ನೀರು ಹೀರಿ ಮೆತ್ತಗಾಗುವ ಪ್ಲಾಸ್ಟಿಕ್ಕೊಂದನ್ನು ತಯಾರಿಸಿ 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಹೇಮಾ ಎಂದು ಚಿಕ್ಕದಾಗಿ ಕರೆಯುವ ರಾಸಾಯನಿಕದಿಂದಾದ ಅದು ಒಣಗಿದಾಗ ಗಟ್ಟಿ, ನೆನೆದಾಗ ತೂಕದಲ್ಲಿ ಶೇ. 38 ನೀರು. ಲೆನ್ಸಿಗೆ ಹೇಳಿಮಾಡಿಸಿದ ವಸ್ತು, ಆದರೆ ಅಚ್ಚಿನಲ್ಲಿ ಎರಕ ಹೊಯ್ದರೆ ತೆಗೆಯುವಾಗ ಅಂಚು ಹರಿಯುತ್ತಿತ್ತು. ಸರ್ಕಾರ ಯೋಜನೆಯಿಂದ ಕೈ ತೊಳೆದುಕೊಂಡಿತು. 1961ರ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮಕ್ಕಳ ಮರ್ಕೂರ್ ಜೋಡಣೆ ಆಟಿಕೆ, ಸೈಕಲ್ಲಿನ ಡೈನಮೊ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಸೇರಿಸಿ ಯಂತ್ರ ಕಟ್ಟಿದರು. ಲೋಟದ ಕಾಫಿಯನ್ನು ಚಮಚದಲ್ಲಿ ಜೋರಾಗಿ ತಿರುವಿದರೆ ನಡುವೆ ಕುಳಿ ಬೀಳುತ್ತದಲ್ಲ, ಉಪಾಯ ಅದೇ. ತಿರುಗುವ ಪುಟ್ಟ ಬಟ್ಟಲಿಗೆ ದ್ರವದ ಹನಿ ಬಿಡುವುದು; ಬಟ್ಟಲಿನ ತಳ ಲೆನ್ಸಿನ ಹೊರಮೈಯನ್ನು, ತಿರುಗುವ ವೇಗ ಒಳಮೈಯ ಬಾಗನ್ನು ಕೊಡುತ್ತದೆ; ತಿರುಗುತ್ತಿರುವಾಗಲೇ ಅದು ಗಟ್ಟಿಯಾಗುತ್ತದೆ. ವೇಗ ಬದಲಿಸಿದರೆ ಪವರ್ ಬದಲು. ಮೊದಲ ದಿನ ನಾಲ್ಕು ಲೆನ್ಸ್ ಆದವು. ಡೈನಮೊ ಸಾಲದೆ ಗ್ರಾಮಾಫೋನ್ ಮೋಟಾರಿಗೆ ಬದಲಾಯಿಸಿಕೊಂಡು, 1962ರ ಮೊದಲ ನಾಲ್ಕು ತಿಂಗಳಲ್ಲಿ ಗಂಡ ಹೆಂಡತಿ ಮನೆಯಲ್ಲೇ 5,500 ಲೆನ್ಸ್ ಮಾಡಿದರು. ಪೇಟೆಂಟ್ ಹಕ್ಕನ್ನು ಅಲ್ಲಿನ ವಿಜ್ಞಾನ ಅಕಾಡೆಮಿ ಅವರನ್ನು ಕೇಳದೆಯೇ ಅಮೆರಿಕಕ್ಕೆ ಮಾರಿಬಿಟ್ಟಿತು. 1971ರಲ್ಲಿ ಬಾಶ್ ಅಂಡ್ ಲೋಂಬ್ ಕಂಪನಿಯ ಮೆದು ಲೆನ್ಸಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

ಮೆದು ಲೆನ್ಸ್ ಹಿತವೇನೋ ಹೌದು, ಆದರೆ ಅದು ಅಲುಗಿದರೂ ಅದರಡಿ ಕಣ್ಣೀರಿನ ಪಂಪು ಹೆಚ್ಚೇನೂ ನಡೆಯುವುದಿಲ್ಲ. ಗಟ್ಟಿ ಲೆನ್ಸಿನಡಿ ಒಂದು ಮಿಟುಕಿಗೆ ಶೇ. 10ರಿಂದ 20 ಕಣ್ಣೀರು ಬದಲಾದರೆ ಇಲ್ಲಿ ಶೇ. 1 ಬದಲಾದರೆ ದೊಡ್ಡದು. ಹಾಗಾಗಿ ಆಮ್ಲಜನಕ ಲೆನ್ಸಿನ ಮೈಯೊಳಗಿಂದಲೇ, ಅದರಲ್ಲಿರುವ ನೀರಿನ ಮೂಲಕ ಹೋಗಬೇಕು. ಹಾಗಾದರೆ ನೀರು ಹೆಚ್ಚಿಸೋಣ ಎಂದು ಶೇ. 55, ಶೇ. 70ರ ಲೆನ್ಸ್‌ಗಳು ಬಂದವು. ನೀರು ಹೆಚ್ಚಾದಷ್ಟೂ ಲೆನ್ಸ್ ಹರಿಯುತ್ತದೆ, ಹರಿಯಬಾರದೆಂದು ದಪ್ಪ ಮಾಡಿದರೆ ಗಳಿಸಿದ ಆಮ್ಲಜನಕ ದಪ್ಪದಲ್ಲಿ ಕಳೆದುಹೋಗುತ್ತದೆ. ಫ್ಯಾನಿನ ಕೆಳಗೆ, ಎ.ಸಿ. ಕೋಣೆಯಲ್ಲಿ ಬೇಗ ಒಣಗುವುದೂ ಇಂಥವೇ. 'ಹೈ ವಾಟರ್' ಎಂಬುದನ್ನು ಹೆಚ್ಚು ತಂಪು ಎಂದು ಅರ್ಥ ಮಾಡಿಕೊಂಡು ಕೊಳ್ಳುವವರಿದ್ದಾರೆ, ಒಣ ಕಣ್ಣಿನವರಿಗೆ ಅದು ಅನೇಕ ಸಲ ಉಲ್ಟಾ ಹೊಡೆಯುತ್ತದೆ.

ಎಷ್ಟು ಆಮ್ಲಜನಕ ಸಾಕು ಎಂಬುದಕ್ಕೆ 1984ರಲ್ಲಿ ಹೋಲ್ಡನ್ ಮತ್ತು ಮೆರ್ಟ್ಜ್ ಎಂಬ ಸಂಶೋಧಕರು ಅಳತೆಗೋಲು ಕೊಟ್ಟರು. ವಸ್ತುವಿನೊಳಗೆ ಆಮ್ಲಜನಕ ಹಾಯುವ ಗುಣವನ್ನು ದಪ್ಪದಿಂದ ಭಾಗಿಸಿ ಬರುವ ಡಿಕೆ ಬೈ ಟಿ ಎಂಬ ಅಂಕಿ ಹಗಲಿಗೆ 24, ರಾತ್ರಿ ಹಾಕಿ ಮಲಗಲು 87 ಇರಬೇಕು. ಹಳೆಯ ಹೇಮಾ ಲೆನ್ಸ್‌ಗಳಲ್ಲಿ ಹೆಚ್ಚಿನವು ಹಗಲಿನ 24ನ್ನೂ ಮುಟ್ಟುತ್ತಿರಲಿಲ್ಲ. ನೀರಿನ ದಾರಿ ಮುಗಿದಿತ್ತು. ಆಮ್ಲಜನಕ ಸಲೀಸಾಗಿ ಹಾಯುವುದು ಸಿಲಿಕೋನಿನಲ್ಲಿ, ಆದರೆ ಅದು ರಬ್ಬರಿನ ಜಾತಿ, ಕಣ್ಣೀರನ್ನು ದೂರ ತಳ್ಳಿ ಜಿಡ್ಡನ್ನು ಅಂಟಿಸಿಕೊಳ್ಳುತ್ತದೆ. ಸಿಲಿಕೋನನ್ನೂ ನೀರು ಹೀರುವ ಮೆದು ಪ್ಲಾಸ್ಟಿಕ್ಕನ್ನೂ ಒಂದೇ ಜಾಲದಲ್ಲಿ ಹೆಣೆದ ಸಿಲಿಕೋನ್ ಹೈಡ್ರೋಜೆಲ್ 1999ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಮೊದಲ ಲೆನ್ಸ್‌ಗಳ ಮೇಲ್ಮೈಗೆ ಪ್ಲಾಸ್ಮಾ ಎಂಬ ವಿದ್ಯುತ್ ಹಿಡಿದ ಅನಿಲ ಹಾಯಿಸಿ ನೀರು ನಿಲ್ಲುವಂತೆ ಮಾಡಬೇಕಾಯಿತು. ಅವುಗಳಲ್ಲೊಂದರ ಅಂಕಿ 175. ಉಸಿರಿನ ಪ್ರಶ್ನೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಮುಗಿದಿರಲಿಲ್ಲ, ಯಾಕೆಂದರೆ ಪ್ರಶ್ನೆ ಉಸಿರಿನದೊಂದೇ ಆಗಿರಲಿಲ್ಲ. 1989ರಲ್ಲಿ ಅಮೆರಿಕದ ಅಧ್ಯಯನವೊಂದು ಕಾರ್ನಿಯಾದ ಹುಣ್ಣನ್ನು ಲೆಕ್ಕ ಹಾಕಿತ್ತು: ಹಗಲು ಮಾತ್ರ ಮೆದು ಲೆನ್ಸ್ ಹಾಕುವ 10,000 ಜನರಲ್ಲಿ ವರ್ಷಕ್ಕೆ 4 ಜನಕ್ಕೆ, ರಾತ್ರಿಯೂ ಹಾಕುವವರಲ್ಲಿ ಸುಮಾರು 21 ಜನಕ್ಕೆ. 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹಗಲಿನವರಿಗೆ ಸುಮಾರು 2, ಹೊಸ ಸಿಲಿಕೋನ್ ಹೈಡ್ರೋಜೆಲ್ ಹಾಕಿ ಮಲಗುವವರಿಗೆ 25. ಆಮ್ಲಜನಕ ಹಲವು ಪಟ್ಟು ಹೆಚ್ಚಿತು, ಹುಣ್ಣು ಕಡಿಮೆಯಾಗಲಿಲ್ಲ. ಮುಚ್ಚಿದ ರೆಪ್ಪೆಯಡಿ ಕಣ್ಣೀರು ನಿಂತ ನೀರಾಗುತ್ತದೆ, ಲೆನ್ಸಿನ ಮೈಗೆ ಬ್ಯಾಕ್ಟೀರಿಯ ಹತ್ತಿಕೊಳ್ಳುತ್ತದೆ, ತೊಳೆದುಹಾಕುವ ಮಿಟುಕು ಇಲ್ಲ. 'ರಾತ್ರಿಯೂ ಹಾಕಬಹುದು' ಎಂದು ಡಬ್ಬಿಯ ಮೇಲೆ ಬರೆದಿದ್ದರೂ ತೆಗೆದು ಮಲಗುವುದೇ ಲೇಸು ಎನ್ನುವುದಕ್ಕೆ ಈ ಅಂಕಿಗಳೇ ಸಾಕು.

ಬಿಸಾಡುವ ಲೆನ್ಸ್ ಹುಟ್ಟಿದ್ದೂ ಕೊಳೆಯ ಪ್ರಶ್ನೆಗೆ ಉತ್ತರವಾಗಿ. ಮೊದಲು ಒಂದು ಜೊತೆಯನ್ನು ವರ್ಷವಿಡೀ ಬಳಸುತ್ತಿದ್ದರು. ಕಣ್ಣೀರಿನ ಪ್ರೋಟೀನ್ ಅದರ ಮೇಲೆ ಹಾಲಿನ ಕೆನೆಯಂತೆ ಕಟ್ಟಿ, ಮೇಲ್ರೆಪ್ಪೆಯ ಒಳಗೆ ಗುಳ್ಳೆಗಳೆದ್ದು, ಲೆನ್ಸ್ ತೆಗೆದ ಕೂಡಲೇ ತಡೆಯಲಾರದ ತುರಿಕೆ. ಅಚ್ಚಿನಲ್ಲಿ ಅಗ್ಗವಾಗಿ ಲೆನ್ಸ್ ಒತ್ತುವ ವಿಧಾನ ಕುದುರಿದ ಮೇಲೆ 1987ರಲ್ಲಿ ಅಮೆರಿಕದಲ್ಲಿ ವಾರದ ಲೆನ್ಸ್, 1990ರ ದಶಕದ ನಡುವೆ ದಿನಕ್ಕೊಂದು ಲೆನ್ಸ್ ಬಂತು. ದಿನದ್ದು ತುಟ್ಟಿ ಎನಿಸಿದರೂ ಲೆನ್ಸ್ ತೊಳೆದು ನೆನೆಸುವ ಸೊಲ್ಯೂಷನ್, ನೆನೆಸಿಡುವ ಡಬ್ಬಿಯ ಖರ್ಚಿಲ್ಲ. ವಾರಕ್ಕೆರಡು ಮೂರು ದಿನ ಮಾತ್ರ, ಆಟಕ್ಕೋ ಸಮಾರಂಭಕ್ಕೋ ಹಾಕುವವರಿಗೆ ಅದೇ ಸರಿ. ತಿಂಗಳ ಲೆನ್ಸ್ ಎಂದರೆ ಸೀಲ್ ಒಡೆದ ದಿನದಿಂದ ಒಂದು ತಿಂಗಳು. ಮೂವತ್ತು ಸಲ ಹಾಕಿಕೊಳ್ಳಬಹುದು ಎಂದಲ್ಲ. ಈ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು.

ಅಸ್ಟಿಗ್ಮ್ಯಾಟಿಸಂ, ಅಂದರೆ ಚೀಟಿಯಲ್ಲಿ ಸಿಲಿಂಡರ್ ಇದ್ದವರಿಗೆ ಟೋರಿಕ್ ಲೆನ್ಸ್. ಇದಕ್ಕೆ ದಿಕ್ಕು ಮುಖ್ಯ, ಕಣ್ಣಲ್ಲಿ ತಿರುಗಬಾರದು. ಅದಕ್ಕೇ ಕೆಳಭಾಗವನ್ನು ಸ್ವಲ್ಪ ದಪ್ಪ ಮಾಡಿರುತ್ತಾರೆ. ರೆಪ್ಪೆ ಪ್ರತಿ ಸಲ ಒತ್ತಿ ಆ ದಪ್ಪ ಭಾಗವನ್ನು ಕೆಳಗೆ ನಿಲ್ಲಿಸುತ್ತದೆ. ಲೆನ್ಸಿನ ಮೇಲೆ ಕಂಡೂ ಕಾಣದಂಥ ಗೆರೆಯೊಂದಿರುತ್ತದೆ. 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಮೂರನೇ ಒಂದು ಪಾಲು ತಿದ್ದದೆ ಉಳಿಯುತ್ತದೆ. 30 ಡಿಗ್ರಿ ತಿರುಗಿದರೆ ಹಾಕಿಯೂ ಹಾಕದಂತೆ. ಪರೀಕ್ಷಿಸುವವರ ಎಡಕ್ಕೆ ತಿರುಗಿದ್ದರೆ ಆ್ಯಕ್ಸಿಸ್‌ಗೆ (ಚೀಟಿಯಲ್ಲಿ ಸಿಲಿಂಡರಿನ ದಿಕ್ಕು ಹೇಳುವ ಅಂಕಿಗೆ) ಅಷ್ಟು ಡಿಗ್ರಿ ಕೂಡಿಸಿ, ಬಲಕ್ಕೆ ತಿರುಗಿದ್ದರೆ ಕಳೆದು ಹೊಸ ಲೆನ್ಸ್ ತರಿಸುತ್ತಾರೆ. ಉದಾಹರಣೆಗೆ ಆ್ಯಕ್ಸಿಸ್ 90 ಇದ್ದು ಗೆರೆ 10 ಡಿಗ್ರಿ ಎಡಕ್ಕೆ ನಿಂತರೆ 100ರ ಲೆನ್ಸ್. ಮಲಗಿ ಮೊಬೈಲ್ ನೋಡುವಾಗ ಮಸುಕಾಗುತ್ತದೆ ಎಂಬ ಟೋರಿಕ್‌ನವರ ದೂರು ಲೆನ್ಸ್ ತಿರುಗಿದ್ದರಿಂದಲೇ ಇರಬಹುದು.

ಗಟ್ಟಿ ಲೆನ್ಸ್ ಮರೆಗೆ ಸರಿದಿದೆ ಎಂದುಕೊಳ್ಳಬೇಡಿ. ಹಳೆಯ ಅಕ್ರಿಲಿಕ್ಕಿಗೆ ಸಿಲಿಕೋನ್, ಫ್ಲೋರಿನ್ ಸೇರಿಸಿದ ಆರ್‌ಜಿಪಿ (ಗಾಳಿ ಹಾಯುವ ಗಟ್ಟಿ) ಲೆನ್ಸ್ ಚೆನ್ನಾಗಿ ಉಸಿರಾಡುತ್ತದೆ. ಅಗಲ 9ರಿಂದ 10 ಮಿ.ಮೀ. ಮೆದು ಲೆನ್ಸ್ ಕಣ್ಣಿನ ಆಕಾರಕ್ಕೆ ತಾನೇ ಬಗ್ಗುತ್ತದೆ, ಇದು ಬಗ್ಗುವುದಿಲ್ಲ. ಕಾರ್ನಿಯಾದ ಏರುತಗ್ಗುಗಳನ್ನು ನಡುವಿನ ಕಣ್ಣೀರು ತುಂಬುತ್ತದೆ, ಹಳ್ಳ ಬಿದ್ದ ರಸ್ತೆಯಲ್ಲಿ ನಿಂತ ಮಳೆನೀರು ಮೇಲ್ಮೈ ಸಮ ಮಾಡಿದಂತೆ. ಬೆಳಕನ್ನು ಬಾಗಿಸುವ ಗುಣದಲ್ಲಿ ಕಣ್ಣೀರಿಗೂ ಕಾರ್ನಿಯಾಕ್ಕೂ ವ್ಯತ್ಯಾಸ ಅಲ್ಪ, ಹಾಗಾಗಿ ಕಾರ್ನಿಯಾದ ಮುಂಭಾಗದ ಏರುಪೇರಿನ ಹತ್ತರಲ್ಲಿ ಒಂಬತ್ತು ಪಾಲು ಅಳಿಸಿಹೋಗುತ್ತದೆ. ಕೆರಟೋಕೋನಸ್ ಇದ್ದವರಿಗೆ ಕನ್ನಡಕದಲ್ಲಿ ಸಿಗದ ಸಾಲುಗಳು ಇದರಲ್ಲಿ ಓದಲು ಸಿಗುವುದು ಅದಕ್ಕೇ. ಬೆಲೆ ತೆರಬೇಕಾದದ್ದು ಆರಂಭದ ಚುಚ್ಚಿಗೆ: ಮೊದಲ ದಿನ ಮೂರು ನಾಲ್ಕು ಗಂಟೆ, ದಿನಕ್ಕೊಂದೊಂದು ಗಂಟೆ ಏರಿಸಿ, ರೆಪ್ಪೆ ಒಗ್ಗಲು ಎರಡು ಮೂರು ವಾರ. ಬೈಕಿನಲ್ಲಿ ಹೋಗುವಾಗ ಧೂಳಿನ ಕಣವೊಂದು ಅಡಿಗೆ ಸೇರಿದರೆ ಬಂಡಿ ನಿಲ್ಲಿಸಲೇಬೇಕು.

ಆ ಚುಚ್ಚು ತಡೆಯದವರಿಗೆ, ಶಂಕು ತೀರಾ ಚೂಪಾದವರಿಗೆ ಸ್ಕ್ಲೀರಲ್ ಲೆನ್ಸ್. ಅಗಲ 15ರಿಂದ 18 ಮಿ.ಮೀ. ಅಥವಾ ಇನ್ನೂ ಹೆಚ್ಚು, ಕೂರುವುದು ಬಿಳಿಗುಡ್ಡೆಯ ಮೇಲೆ, ಕಾರ್ನಿಯಾವನ್ನು ಮುಟ್ಟುವುದೇ ಇಲ್ಲ. ಅಂದರೆ ಫಿಕ್‌ನ ಚಿಪ್ಪೇ ನೂರು ವರ್ಷದ ಮೇಲೆ ಉಸಿರಾಡುವ ಪ್ಲಾಸ್ಟಿಕ್ಕಿನಲ್ಲಿ ಮರಳಿ ಬಂದಿದೆ. ದ್ರಾಕ್ಷಿ ಸಕ್ಕರೆಯ ಜಾಗಕ್ಕೆ ಪ್ರಿಸರ್ವೇಟಿವ್ ಇಲ್ಲದ ಸಲೈನ್. ಲೆನ್ಸನ್ನು ಸಲೈನಿನಿಂದ ತುಳುಕುವಷ್ಟು ತುಂಬಿ, ಮುಖ ನೆಲಕ್ಕೆ ಸಮವಾಗಿ ಬಗ್ಗಿಸಿ, ಕೆಳಗಿನಿಂದ ನೇರ ಮೇಲಕ್ಕೆ ಒತ್ತಬೇಕು. ಮುಖ ಸ್ವಲ್ಪ ಓರೆಯಾದರೂ ಗಾಳಿಗುಳ್ಳೆ ಸೇರಿ ದೃಷ್ಟಿಗೆ ಅಡ್ಡ ಬರುತ್ತದೆ. ತೆಗೆದು ಮತ್ತೆ ಹಾಕದೆ ಬೇರೆ ದಾರಿಯಿಲ್ಲ. ತೀವ್ರ ಒಣ ಕಣ್ಣಿಗೂ ಈ ದ್ರವದ ಕೊಳ ಔಷಧಿಯಂತೆ.

ಉಳಿದವನ್ನು ಚುಟುಕಾಗಿ ಹೇಳಬಹುದು. ಚಾಳೀಸು ಬಂದವರಿಗೆ ಮಲ್ಟಿಫೋಕಲ್ ಲೆನ್ಸ್ ಇದೆ. ದೂರದ್ದೂ ಹತ್ತಿರದ್ದೂ ಪವರ್ ಬಳೆ ಬಳೆಯಾಗಿ ಒಂದೇ ಲೆನ್ಸಿನಲ್ಲಿರುತ್ತದೆ, ಯಾವುದು ಬೇಕೋ ಅದನ್ನು ಮಿದುಳು ಆರಿಸಿಕೊಳ್ಳುತ್ತದೆ. ರಾತ್ರಿ ಎದುರಿನ ಹೆಡ್‌ಲೈಟ್ ಸುತ್ತ ಪ್ರಭಾವಳಿ ಕಾಣುವುದು ಇದರ ದೋಷ. ಒಂದು ಕಣ್ಣಿಗೆ ದೂರದ್ದು, ಇನ್ನೊಂದಕ್ಕೆ ಹತ್ತಿರದ್ದು ಹಾಕುವ ಮೋನೋವಿಷನ್ ಅಗ್ಗ, ಆದರೆ ಆಳದ ಅಂದಾಜು ತಪ್ಪುತ್ತದೆ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ಆರ್ಥೋ-ಕೆ ಎಂಬ ಗಟ್ಟಿ ಲೆನ್ಸ್ ಕಾರ್ನಿಯಾದ ಮೇಲ್ಪದರವನ್ನು ನಡುವೆ ತುಸು ಚಪ್ಪಟೆ ಮಾಡಿ ಹಗಲೆಲ್ಲ ಬರಿಗಣ್ಣಿನಲ್ಲಿ ಕಾಣುವಂತೆ ಮಾಡುತ್ತದೆ; ನಿಲ್ಲಿಸಿದರೆ ಕೆಲವು ದಿನದಲ್ಲಿ ಕಣ್ಣು ಮೊದಲಿನಂತೆ. ಮಕ್ಕಳ ಮೈನಸ್ ಪವರ್ ಏರುವುದನ್ನು ನಿಧಾನಿಸಲೆಂದೇ ಮಾಡಿದ ದಿನದ ಲೆನ್ಸೊಂದಕ್ಕೆ 2019ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಬಣ್ಣದ ಲೆನ್ಸಿಗೆ ಪವರ್ ಸೊನ್ನೆ ಇದ್ದರೂ ಕಣ್ಣಿಗೆ ಅದು ಲೆನ್ಸೇ. ಮದುವೆ ಮೇಕಪ್ಪಿನವರ ಪೆಟ್ಟಿಗೆಯಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವ ಬೂದು ಬಣ್ಣದ ಜೊತೆಯನ್ನು ಯಾವ ಮುಲಾಜೂ ಇಲ್ಲದೆ ಬೇಡ ಎನ್ನಬೇಕು.

ಇನ್ನು ಬಳಕೆ. ಕೈಯನ್ನು ಸೋಪಿನಿಂದ ತೊಳೆದು ನಾರು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಹಸಿ ಮೆಣಸಿನಕಾಯಿ ಹೆಚ್ಚಿದ ಕೈಯಾದರೆ ಒಂದು ಸೋಪು ಸಾಲದು; ಖಾರ ಎಣ್ಣೆಯಲ್ಲಿ ಕರಗುವಂಥದ್ದು, ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ ಆಮೇಲೆ ಸೋಪು. ಅದಕ್ಕಿಂತ ಅಡುಗೆಗೆ ಮುಂಚೆಯೇ ಲೆನ್ಸ್ ಹಾಕುವುದು, ತೆಗೆಯುವ ದಿನ ಬೇರೆಯವರ ಕೈಲಿ ಮೆಣಸಿನಕಾಯಿ ಹೆಚ್ಚಿಸುವುದು ಜಾಣತನ. ಲೆನ್ಸನ್ನು ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ: ಅಂಚು ನೇರ ಮೇಲೆದ್ದ ಬಟ್ಟಲಾಗಿದ್ದರೆ ಸರಿ, ತಟ್ಟೆಯಂತೆ ಹೊರಕ್ಕೆ ಚಾಚಿದ್ದರೆ ಉಲ್ಟಾ. ಯಾವಾಗಲೂ ಬಲಗಣ್ಣು ಮೊದಲು, ಅದಲುಬದಲಾಗುವುದಿಲ್ಲ. ಕಾಡಿಗೆ, ಮೇಕಪ್ ಲೆನ್ಸ್ ಹಾಕಿದ ಮೇಲೆ. ತೆಗೆಯುವಾಗ ಲೆನ್ಸ್ ಮೊದಲು. ತೆಗೆಯಲು ಮೇಲೆ ನೋಡುತ್ತಾ ಲೆನ್ಸನ್ನು ಬಿಳಿಗುಡ್ಡೆಗೆ ಜಾರಿಸಿ ಚಿವುಟಬೇಕು. ಕಣ್ಣಿನ ಹಿಂದಕ್ಕೆ ಹೋಗಿಬಿಟ್ಟರೆ ಎಂಬ ಭಯ ಬೇಡ, ರೆಪ್ಪೆಯ ಒಳಪದರ ಮಡಚಿ ಗುಡ್ಡೆಗೇ ಕೂಡಿಕೊಂಡಿದೆ, ಹಿಂದೆ ದಾರಿಯಿಲ್ಲ.

ರಾತ್ರಿ ಅಂಗೈಯಲ್ಲಿ ಸೊಲ್ಯೂಷನ್ ಹಾಕಿ ಒಂದೊಂದು ಬದಿಯನ್ನೂ ಹತ್ತು ಸೆಕೆಂಡು ಬೆರಳಿನಿಂದ ಉಜ್ಜಿ, ತೊಳೆದು, ಹೊಸ ಸೊಲ್ಯೂಷನ್ನಿನಲ್ಲಿ ನೆನೆಸಬೇಕು. ನಿನ್ನೆಯದಕ್ಕೇ ಇನ್ನಷ್ಟು ಸುರಿಯುವುದು ದೊಡ್ಡ ತಪ್ಪು. ಕ್ರಿಮಿ ಕೊಲ್ಲುವ ಅಂಶ ನಿನ್ನೆಯೇ ಖರ್ಚಾಗಿರುತ್ತದೆ. ಡಬ್ಬಿಯನ್ನೂ ಸೊಲ್ಯೂಷನ್ನಿನಿಂದಲೇ ತೊಳೆದು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬಿಸಾಡಿ. ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸೊಲ್ಯೂಷನ್ ಬಳಸುವವರು ಜೊತೆಗೆ ಬಂದ ಪ್ಲಾಟಿನಂ ಬಿಲ್ಲೆಯಿರುವ ಡಬ್ಬಿಯನ್ನೇ ಬಳಸಬೇಕು. ಆರು ಗಂಟೆಯಲ್ಲಿ ಅದು ನೀರಾಗಿ ಮಾರ್ಪಡುತ್ತದೆ. ಸಾದಾ ಡಬ್ಬಿಯಲ್ಲಿಟ್ಟು ಹಾಕಿಕೊಂಡರೆ ಕಣ್ಣಿಗೆ ಕೆಂಡ ಸುರಿದ ಹಾಗೆ.

ಮತ್ತೆ ನೀರು. ನಲ್ಲಿಯದಾಗಲಿ ಬೋರ್‌ವೆಲ್ಲಿನದಾಗಲಿ ಫಿಲ್ಟರಿನದಾಗಲಿ ಲೆನ್ಸಿಗೆ ತಾಗಬಾರದು. ಅದರಲ್ಲಿರಬಹುದಾದ ಅಕಾಂತಮೀಬಾ ಎಂಬ ಏಕಕೋಶಿ ಗಟ್ಟಿ ಕವಚದೊಳಗೆ ಹುದುಗಿ ಕ್ಲೋರಿನ್ನಿಗೂ ಜಗ್ಗುವುದಿಲ್ಲ. ಕಾರ್ನಿಯಾದೊಳಗೆ ಸೇರಿದರೆ ತಿಂಗಳುಗಟ್ಟಲೆ ಚಿಕಿತ್ಸೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದು ಹೆಚ್ಚಿದಾಗ ಹಿಂದಿದ್ದ ಕಾರಣಗಳಲ್ಲಿ ಮುಖ್ಯವಾದದ್ದು ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಮಾಡಿಕೊಂಡ ಸಲೈನ್. ಸ್ನಾನ, ಈಜು, ಹೋಳಿಯ ಓಕುಳಿ, ಎಲ್ಲಕ್ಕೂ ಲೆನ್ಸ್ ತೆಗೆದಿಡಿ.

ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಬ್ಬಾದರೆ ಮೊದಲು ಲೆನ್ಸ್ ತೆಗೆಯಿರಿ. ಪಟ್ಟಿ ಕಟ್ಟಬೇಡಿ, ಬಿಸಿ ಕತ್ತಲಲ್ಲಿ ಸೋಂಕು ಬೇಗ ಹಬ್ಬುತ್ತದೆ. ಮೆಡಿಕಲ್ ಶಾಪಿನಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಕೆಂಪನ್ನು ಇಳಿಸಿ ಹುಣ್ಣನ್ನು ಬೆಳೆಸುತ್ತದೆ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯ ಒಂದೆರಡು ದಿನದಲ್ಲೇ ಕಾರ್ನಿಯಾ ಕರಗಿಸಬಲ್ಲದು, ಆದ್ದರಿಂದ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಹೋಗುವಾಗ ತೆಗೆದ ಲೆನ್ಸನ್ನು ಕಸಕ್ಕೆ ಹಾಕದೆ, ಅದರ ಡಬ್ಬಿ, ಸೊಲ್ಯೂಷನ್ ಬಾಟಲಿ ಸಮೇತ ಒಯ್ಯಿರಿ. ಕಣ್ಣಿನಿಂದ ಕೆರೆದು ತೆಗೆದ ಚೂರಿನಲ್ಲಿ ಸಿಗದ ಕ್ರಿಮಿ ಎಷ್ಟೋ ಸಲ ಡಬ್ಬಿಯ ತಳದಲ್ಲಿ ಸಿಗುತ್ತದೆ.